ಹದಿನಾಲ್ಕು ದೋಷಗಳ ಗಿಟಾರು

ಮೊಸರಲ್ಲಿ ಕಲ್ಲು ಹುಡುಕುವವರನ್ನು ಕಂಡರೆ ಲೋಕಕ್ಕೆ ಆಗುವುದಿಲ್ಲ. ಆದರೆ ಕಲ್ಲು ಹುಡುಕುವುದಕ್ಕೇ ಸಂಬಳ ಕೊಟ್ಟು ಇಟ್ಟುಕೊಂಡರೆ ಮನುಷ್ಯ ಏನು ತಾನೇ ಮಾಡಬೇಕು? ನಮ್ಮ ಸರ್ವೇಯರ್ ಮಹಾಶಯರ ಬಹುದಿನಗಳ ದೂರು ಇದು. ಗುದ್ದಿಸಿಕೊಂಡು ಬಂದ ಕಾರುಗಳ ಮುಂದೆ ಮಂಡಿಯೂರಿ, ಯಾವ ಗೀರು ಈ ಅಪಘಾತದ್ದು, ಯಾವುದು ಹೋದ ವರ್ಷದ್ದು, ಎಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ ಎಂದು ಪತ್ತೆ ಹಚ್ಚಿ ವಿಮಾ ಕಂಪನಿಗೆ ವರದಿ ಬರೆಯುವುದು ಅವರ ಉದ್ಯೋಗ. ಒದ್ದೆ ಕೊಡೆಯಂತೆ ಬಾಗಿಲ ಹೊರಗೆ ಬಿಟ್ಟು ಬರುವ ಉದ್ಯೋಗವಲ್ಲ ಅದು. ಮನೆಯೊಳಕ್ಕೂ ಬಂತು. ಹೊಸ ಸೋಫಾ ತಂದ ದಿನ ಮನೆಯವರೆಲ್ಲ ಅದರ ಮೇಲೆ ಕೂತರೆ ಇವರು ಟಾರ್ಚು ಹಿಡಿದು ಅದರ ಕೆಳಗೆ ತೆವಳಿದರು. ಮಗಳು ಅಂಕಪಟ್ಟಿ ತಂದು ತೋರಿಸಿದರೆ, ಮೊದಲ ಸ್ಥಾನ ಬಂದದ್ದನ್ನು ಬಿಟ್ಟು, ಮುದ್ರೆ ಓರೆಯಾಗಿ ಬಿದ್ದದ್ದನ್ನು ಕಂಡುಹಿಡಿದರು. ಹೆಂಡತಿಯ ತಮ್ಮಂದಿರು ಅವರಿಗೆ 'ಹುಳುಕಪ್ಪ' ಎಂದು ಹೆಸರಿಟ್ಟಿದ್ದರು. (ಎದುರಿಗೆ 'ಭಾವ' ಎನ್ನುತ್ತಿದ್ದರು. ಆ ಭಾವದ ಹಿಂದಿನ ಭಾವ ಮಹಾಶಯರಿಗೆ ಗೊತ್ತಿಲ್ಲದ್ದೇನಲ್ಲ.)

ಇಷ್ಟೆಲ್ಲ ವರದಿ ಬರೆದ ಕೈ ಒಂದೇ ಒಂದು ಅಪಘಾತದ ವರದಿಯನ್ನು ಮಾತ್ರ ಬರೆದಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮನೆ ಬದಲಾಯಿಸುವಾಗ, "ಲಾರಿ ತುಂಬಿಸೋದು ಒಂದು ಶಾಸ್ತ್ರ, ನೀವೆಲ್ಲ ದೂರ ನಿಲ್ಲಿ" ಎಂದು ತಾವೇ ನಿಂತು ಸಾಮಾನು ತುಂಬಿಸಿದ್ದರು. ಶಾಸ್ತ್ರೋಕ್ತವಾಗಿ, ತಮ್ಮ ಸ್ಪ್ಯಾನರುಗಳ ಕಬ್ಬಿಣದ ಪೆಟ್ಟಿಗೆಯನ್ನು ಹೆಂಡತಿಯ ಗಿಟಾರಿನ ಮೇಲಿಟ್ಟರು. ಇಳಿಸುವ ಹೊತ್ತಿಗೆ ಅದು ಗಿಟಾರಾಗಿ ಉಳಿದಿರಲಿಲ್ಲ, ಸೌದೆಯಾಗಿತ್ತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮಹಾಶಯರು ಮಂಡಿಯೂರಿ ಪರೀಕ್ಷಿಸಿ, "ಟೋಟಲ್ ಲಾಸ್" ಎಂದು ತೀರ್ಪು ಕೊಟ್ಟು, ಗುಜರಿಯವನ ಕೈಗೆ ಹಾಕಿದರು.

"ಹೊಸದು ತಂದುಕೊಡ್ತೀನಿ ಕಣೇ, ಮುಂದಿನ ತಿಂಗಳು."

ಆ ಮುಂದಿನ ತಿಂಗಳು ಬರುವುದಕ್ಕೆ ಇಪ್ಪತ್ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದರಲ್ಲಿ ಹೆಸರು ಮಾಡಿದ್ದಳು. ಎಷ್ಟೇ ಅಡಗಿ ಕೂತ ನರವಾದರೂ ಅವಳ ಬೆರಳಿಗೆ ಸಿಕ್ಕೇ ಸಿಗುತ್ತಿತ್ತು. ಆ ಬೆರಳಿಗೆ ಒಂದು ತಂತಿ ಮಾತ್ರ ಸಿಕ್ಕಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಅವಳ ಎಡಗೈ ತನ್ನಷ್ಟಕ್ಕೆ ತಾನೇ ಮೇಜಿನ ಅಂಚನ್ನು ಒತ್ತುತ್ತ ಹೋಗುವುದನ್ನು ಮೊದಲು ಗಮನಿಸಿದವಳು ಮಗಳು. ಒಂದು ದಿನ ಮೊಬೈಲು ಹಿಡಿದುಕೊಂಡು ಓಡಿಬಂದಳು.

"ಅಮ್ಮಾ, ಇಲ್ನೋಡು, ಹಳೇ ಗಿಟಾರ್ ಮಾರಾಟಕ್ಕಿದೆ. ಸುಮ್ನೆ ಹಾಗೇ ಕೂಡ ಬಾರಿಸಬಹುದು, ವೈರ್ ಚುಚ್ಚಿ ಸ್ಪೀಕರ್‌ನಲ್ಲೂ ಕೇಳಿಸಬಹುದು. ಎರಡೂ ಆಗುತ್ತೆ!"

ಹೆಂಡತಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಎಷ್ಟು ಚೆನ್ನಾಗಿದೆ," ಎಂದಳು, ಯಾರಿಗೂ ಅಲ್ಲದಂತೆ.

"ನಾನೂ ಬರ್ತೀನಿ," ಎಂದರು ಮಹಾಶಯರು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಬೇಡಪ್ಪಾ. ಅಮ್ಮ ಒಬ್ಳೇ ಹೋಗಿ ತರ್ತಾಳೆ."

"ಸೆಕೆಂಡ್ ಹ್ಯಾಂಡ್ ಅಂದ್ರೇನು ಗೊತ್ತಾ ನಿಂಗೆ? ಇನ್ನೊಬ್ಬರ ತಲೆನೋವನ್ನ ನಾವು ದುಡ್ಡು ಕೊಟ್ಟು ತಂದು ನಮ್ಮ ತಲೆಗೆ ಕಟ್ಟಿಕೊಳ್ಳೋದು. ಅದನ್ನ ನೋಡೋಕೆ ಕಣ್ಣು ಬೇಕು."

ನಿಜ ಹೇಳಬೇಕೆಂದರೆ ಮಹಾಶಯರ ಮನಸ್ಸಿನಲ್ಲಿದ್ದದ್ದು ಬೇರೆ. ಈ ಸಲ ಕೂದಲೆಳೆಯಷ್ಟೂ ಕುಂದಿಲ್ಲದ ಗಿಟಾರನ್ನು ಹೆಂಡತಿಯ ಮಡಿಲಲ್ಲಿಟ್ಟು, ಆ ಕಬ್ಬಿಣದ ಪೆಟ್ಟಿಗೆಯನ್ನು ತಮ್ಮ ಎದೆಯ ಮೇಲಿನಿಂದ ಇಳಿಸಬೇಕು ಎಂದಿತ್ತು. ಇದಿಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಆದರೆ ಗುಣ ಹೇಳಿ ರೂಢಿಯಿಲ್ಲದ ಬಾಯಿ ಮನಸ್ಸನ್ನು ಹೇಳುವುದಾದರೂ ಹೇಗೆ?

ದಾರಿಯುದ್ದಕ್ಕೂ ಕಾರಿನಲ್ಲಿ ಪಾಠ ನಡೆಯಿತು.

"ನೋಡು, ಅಲ್ಲಿ ನೀನು ಬಾಯಿ ಬಿಡಬೇಡ. ಇಷ್ಟ ಆಯ್ತು ಅಂತ ಮುಖದಲ್ಲೂ ತೋರಿಸಬೇಡ. ಗೊತ್ತಾದ್ರೆ ಬೆಲೆ ಇಳಿಸಲ್ಲ. ಮುಖ ಗಂಟು ಹಾಕ್ಕೊಂಡೇ ಇರ್ಬೇಕು."

"ನಿಮ್ ಜೊತೆ ಬರ್ತಿದೀನಲ್ಲ, ಅದಕ್ಕೆ ಬೇರೆ ಪ್ರಯತ್ನ ಬೇಕಾಗಿಲ್ಲ ಬಿಡ್ರಿ."

ಮಾರುವವರು ನಿವೃತ್ತ ಲೈಬ್ರರಿ ಮೇಡಂ. ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಕೆಲಸದಿಂದ ಅವರು ನಿವೃತ್ತರಾದರೂ ಅವರಿಂದ ಕೆಲಸ ನಿವೃತ್ತವಾಗಿರಲಿಲ್ಲ. ಪುಸ್ತಕಗಳ ಬೆನ್ನಿಗಿರಲಿ, ಅಡುಗೆಮನೆಯ ಡಬ್ಬಿಗಳ ಬೆನ್ನಿಗೂ ಅಂಕಿ ಬರೆದ ಚೀಟಿ ಅಂಟಿಸಿದ್ದರು. (ಸಕ್ಕರೆ ಬೇಕಾದರೆ 641ಕ್ಕೆ ಹೋಗಬೇಕು.) ಮೇಜಿನ ಮೇಲೆ ದಪ್ಪ ರಿಜಿಸ್ಟರು, ಶಾಯಿಪ್ಯಾಡು, ಎರಡು ರಬ್ಬರ್ ಮುದ್ರೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮನೆಯ ಹಿರಿಯರಂತೆ ಒರಗಿ ಕೂತಿತ್ತು ಗಿಟಾರು, ಒಣಗಿದ ಜೇನಿನ ಬಣ್ಣದ್ದು.

"ಬೆರಳು ಮಡಚೋಕೆ ಆಗಲ್ಲಮ್ಮ ಈಗ," ಎಂದು ಮೇಡಂ ಊದಿದ ಗೆಣ್ಣುಗಳನ್ನು ತೋರಿಸಿದರು. "ಸುಮ್ನೆ ಕೂತು ಕೂತು ಅದಕ್ಕೂ ಬೇಜಾರಾಗಿರುತ್ತೆ. ನೀವು ಬಾರಿಸ್ತೀರಾ?"

ಹೆಂಡತಿಯ ಕೈ ಆಗಲೇ ಅರ್ಧ ಚಾಚಿತ್ತು. ಮಹಾಶಯರು ಕೆಮ್ಮಿದರು. ಕೈ ಹಿಂದೆ ಬಂತು.

"ಇಲ್ಲ... ಹಾಗೇನಿಲ್ಲ. ಸುಮ್ನೆ ನೋಡೋಣ ಅಂತ," ಎಂದು ಹೆಂಡತಿ ಪಾಠ ಒಪ್ಪಿಸಿದಳು.

"ಒಂದ್ಸಲ ಮಡಿಲಲ್ಲಿಟ್ಕೊಂಡು ನೋಡಿಮ್ಮ."

"ಮೊದಲು ತಪಾಸಣೆ," ಎಂದು ಮಹಾಶಯರು ನಡುವೆ ಬಂದು ನಿಂತರು. "ತಪಾಸಣೆ ಮುಗಿಯೋವರೆಗೂ ಪಾರ್ಟಿ ವಾಹನ ಮುಟ್ಟೋ ಹಾಗಿಲ್ಲ."

ಚೀಲದಿಂದ ಟಾರ್ಚು ಬಂತು, ಭೂತಗನ್ನಡಿ ಬಂತು, ಸಂದಿಯ ಅಗಲ ಅಳೆಯುವ ಉಕ್ಕಿನ ತೆಳು ಪಟ್ಟಿಗಳು ಬಂದವು, ಪುಟ್ಟಿ ಮೆತ್ತಿದ ಕಡೆ ಅಂಟದೆ ಗುಟ್ಟು ರಟ್ಟು ಮಾಡುವ ಅಯಸ್ಕಾಂತವೂ ಬಂತು. ಅಯಸ್ಕಾಂತವನ್ನು ಗಿಟಾರಿಗೆ ಹಿಡಿದರು. ಅಂಟಲಿಲ್ಲ. "ಹೂಂ," ಎಂದು ಸಂಶಯದಿಂದ ತಲೆಯಾಡಿಸಿದರು. (ಮರಕ್ಕೆ ಅಯಸ್ಕಾಂತ ಅಂಟಿದರೆ ಸಂಶಯಪಡಬೇಕು, ಅಂಟದಿದ್ದರಲ್ಲ. ಆದರೆ ಅಭ್ಯಾಸಬಲ.)

"ಎಷ್ಟನೇ ಓನರು ನೀವು?"

"ಮೊದಲನೆಯವಳೇ. ಮೂವತ್ತೊಂದು ವರ್ಷ ಆಯ್ತು."

"ಆಕ್ಸಿಡೆಂಟ್ ಏನಾದ್ರೂ?"

"ಒಂದ್ಸಲ ಬೆಕ್ಕು ಮಲಗಿತ್ತು."

"ಪಿಕಪ್ ಹೇಗಿದೆ?" ಎಂದು ಕೇಳಿ, ಈ ಮಾತು ಕಾರಿನ ಓಟಕ್ಕೂ, ಗಿಟಾರಿನ ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನಕ್ಕೂ ಸಲ್ಲುತ್ತದೆಂದು ತಾವೇ ಮೆಚ್ಚಿಕೊಂಡು ನಕ್ಕರು. ಇನ್ನಿಬ್ಬರು ನಗಲಿಲ್ಲ.

ಮುಂದಿನ ಒಂದು ಗಂಟೆ ಮಹಾಶಯರ ವೃತ್ತಿಜೀವನದ ಶಿಖರ. ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನುದ್ದಕ್ಕೂ ಬಂದೂಕಿನಂತೆ ಗುರಿಯಿಟ್ಟು, ಅದು ಬಾಗಿದೆಯೇ ಎಂದು ನೋಡಿದರು. ತಂತಿಗೂ ಅದರ ಕೆಳಗೆ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗೂ ನಡುವೆ ಎಷ್ಟು ಎತ್ತರವೆಂದು ಅಳೆದರು. ತಂತಿಗಳು ಬಂದು ಕೂರುವ ಬ್ರಿಡ್ಜಿನ ಕೆಳಗೆ ಕಾಗದದ ಚೂರು ತೂರಿಸಿ, ಅಂಟು ಬಿಟ್ಟಿದೆಯೇ ಎಂದು ಕೆದಕಿದರು. ತಂತಿ ಬಿಗಿಸುವ ಬಿರಡೆಗಳನ್ನು ತಿರುಚಿದರು. ಬ್ಯಾಟರಿಯ ಗೂಡು ತೆರೆದು ಮೂಸಿದರು. ವೈರು ಚುಚ್ಚಿ, ಅದನ್ನು ಅಲ್ಲಾಡಿಸಿ, ಸ್ಪೀಕರು ಕರಕರ ಎಂದಾಗ ಮಗು ಮೊದಲ ಮಾತಾಡಿದಷ್ಟು ಸಂತೋಷಪಟ್ಟರು. ಒಂದೊಂದು ತಂತಿಯನ್ನೂ ಬೆರಳಲ್ಲಿ ಒತ್ತಿ ಮೀಟಿದರು. ಎಲ್ಲವನ್ನೂ ಕಾರ್ಬನ್ ಇಟ್ಟು ಮೂರು ಪ್ರತಿ ಬರೆದರು. ಕೆಳಗೆ ಸಹಿ, ಸಹಿಯ ಮೇಲೆ ಸೀಲು. ಅಷ್ಟು ಹೊತ್ತೂ ಹೆಂಡತಿಯ ಎಡಗೈ ಬೆರಳುಗಳು ಅವಳ ಚೀಲದ ಪಟ್ಟಿಯ ಮೇಲೆ ಮೆಲ್ಲಗೆ ಓಡಾಡುತ್ತಿದ್ದವು. ಮಹಾಶಯರ ಭೂತಗನ್ನಡಿಗೆ ಅದು ಬೀಳಲಿಲ್ಲ. ಮೇಡಂ ಕಣ್ಣಿಗೆ ಬಿತ್ತು.

ಮಹಾಶಯರು ಎದ್ದು ನಿಂತು ವರದಿ ಓದಿದರು.

"ದೋಷ ಒಂದು: ಮೊದಲ ಮೂರು ಪಟ್ಟಿಗಳಲ್ಲಿ ಗುಳಿ."

"ಅದು ನಾನು," ಎಂದರು ಮೇಡಂ. "ದಿನಾ ಸಂಜೆ ಬಾರಿಸ್ತಿದ್ದೆ."

"ಎರಡು: ತೂತಿನ ಪಕ್ಕ ಉಗುರಿನ ಗೀರುಗಳು."

"ಅದೂ ನಾನೇ."

"ಮೂರು: ಕತ್ತಿನ ಹಿಂಭಾಗದಲ್ಲಿ ಹೊಳಪು ಹೋಗಿ ಬೆವರಿನ ಕಲೆ."

ಮೇಡಂ ತಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು.

"ನಾಲ್ಕು: ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬಿದೆ." (ಇದನ್ನು ಓದುವಾಗ ತಮ್ಮದನ್ನು ಒಳಗೆಳೆದುಕೊಂಡರು.) ಐದು, ಬ್ಯಾಟರಿ ಗೂಡಿನಲ್ಲಿ ಕಿಲುಬು. ಆರು, ವೈರು ಚುಚ್ಚುವ ತೂತು ಸಡಿಲ. ಏಳು, ಮೂರನೇ ತಂತಿಯನ್ನು ಐದನೇ ಪಟ್ಟಿಯಲ್ಲಿ ಒತ್ತಿದರೆ ಕಿರಗುಟ್ಟುತ್ತದೆ, ಗಂಭೀರ ದೋಷ... ಹೀಗೆ ಹದಿನಾಲ್ಕರ ತನಕ ಓದಿ, ವಿಜಯಿಯಂತೆ ಕನ್ನಡಕ ತೆಗೆದು, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದರು.

ಮೇಡಂ, "ಒಂದು ಪ್ರತಿ ಕೊಡಿ," ಎಂದು ಕೈ ಚಾಚಿದರು. ನಿಧಾನವಾಗಿ ಓದಿ ಮಡಚಿ ರಿಜಿಸ್ಟರಿನಲ್ಲಿಟ್ಟರು.

"ನೀವು ಹೇಳಿದ್ದು ಸರಿ ಸರ್. ಇಷ್ಟು ಹಾಳಾಗಿದೆ ಅಂತ ನಂಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮಾರಿದ್ರೆ ಮೋಸ ಆಗುತ್ತೆ. ಇದನ್ನ ಮಾರೋದಿಲ್ಲ."

ಮಹಾಶಯರ ಮುಖದ ರಕ್ತವನ್ನು ಸೂಜಿಯೇ ಇಲ್ಲದೆ ಯಾರೋ ತೆಗೆದಂತಾಯಿತು.

"ಅಯ್ಯೋ, ಹಾಗಲ್ಲ ಮೇಡಂ! ಅದು ಸುಮ್ನೆ... ವ್ಯಾಪಾರದ ಮಾತು. ನೀವು ಹೇಳಿದ ಬೆಲೆಗೇ ತಗೋತೀವಿ."

"ಹದಿನಾಲ್ಕು ದೋಷ ಇರೋದನ್ನ?"

"ಸಣ್ಣಪುಟ್ಟವು! ಅದಕ್ಕಿಂತ ಜಾಸ್ತಿ ಬೇಕಾದ್ರೂ ಕೊಡ್ತೀನಿ."

"ಸಹಿ ಹಾಕಿ ಸೀಲು ಒತ್ತಿದ್ದೀರಿ," ಎಂದರು ಮೇಡಂ, ತಡವಾಗಿ ಪುಸ್ತಕ ತಂದ ಓದುಗನನ್ನು ನೋಡುವ ನೋಟದಲ್ಲಿ. "ಬರೆದದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?"

ಇಷ್ಟು ವರ್ಷಗಳಲ್ಲಿ ಒಂದು ವರದಿಯನ್ನೂ ಮಹಾಶಯರು ತಿದ್ದಿದವರಲ್ಲ. ಟಾರ್ಚು, ಭೂತಗನ್ನಡಿಗಳನ್ನು ಚೀಲಕ್ಕೆ ತುಂಬಿಕೊಂಡರು.

ಮೇಡಂ ಮೇಜಿನ ಮೇಲಿನ ಎರಡು ಮುದ್ರೆಗಳಲ್ಲಿ ಒಂದನ್ನು ಆರಿಸಿ, ಪ್ಯಾಡಿಗೆ ಒತ್ತಿ, ಒಂದು ಚೀಟಿಗೆ ಹೊಡೆದು ಗಿಟಾರಿನ ಕತ್ತಿಗೆ ಕಟ್ಟಿದರು. ನೀಲಿ ಅಕ್ಷರಗಳಲ್ಲಿ 'ಹೊರಗೆ ಕೊಡತಕ್ಕದ್ದಲ್ಲ' ಎಂದಿತ್ತು. ಆಮೇಲೆ ಹೆಂಡತಿಯತ್ತ ತಿರುಗಿದರು. ದನಿ ಬೇರೆಯೇ ಆಗಿತ್ತು.

"ಇಲ್ಲೇ ಕೂತು ಓದೋ ಪುಸ್ತಕಗಳು ಅಂತ ಇರ್ತಿತ್ತಮ್ಮ ನಮ್ಮಲ್ಲಿ. ಇದೂ ಹಾಗೇ. ಶನಿವಾರ ನಾಲ್ಕರಿಂದ ಆರು. ಬರ್ತೀರಾ?"

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಹೋಗಿ, ಕುರ್ಚಿಯಲ್ಲಿ ಕೂತು, ಗಿಟಾರನ್ನು ಮಡಿಲಿಗೆ ತೆಗೆದುಕೊಂಡಳು. ಅವಳ ಮುಖದ ಗಂಟು ಬಿಚ್ಚಿಕೊಂಡದ್ದನ್ನು ಮಹಾಶಯರು ಬಾಗಿಲಲ್ಲಿ ನಿಂತು ನೋಡಿದರು.

"ಹೊಸದೇ ತಗೊಳ್ಳೋಣ ಕಣೇ," ಎಂದರು ವಾಪಸು ಬರುವಾಗ.

"ಬೇಡ ಬಿಡ್ರಿ. ಅದನ್ನೂ ನೀವು ತಪಾಸಣೆ ಮಾಡ್ತೀರ."

ಹೀಗೆ ಶನಿವಾರಗಳು ಶುರುವಾದವು. ಮೊದಲ ಶನಿವಾರ ಮಹಾಶಯರಿಗೂ ಒಳಗೆ ಪ್ರವೇಶವಿತ್ತು. ಹೆಂಡತಿ ಎರಡನೇ ಹಾಡಿಗೆ ಬರುವಷ್ಟರಲ್ಲಿ, "ಅಲ್ಲಿ, ಆ ಏಳನೇ ದೋಷ..." ಎಂದು ಬಾಯಿ ತೆಗೆದರು. ಮೇಡಂ ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಫಲಕವನ್ನು ತೋರಿಸಿದರು, ಆಮೇಲೆ ಬಾಗಿಲನ್ನು ತೋರಿಸಿದರು. ಅಂದಿನಿಂದ ಮಹಾಶಯರ ಸ್ಥಾನ ಬೀದಿಯಲ್ಲಿ, ಕಾರಿನೊಳಗೆ, ಗಾಜು ಇಳಿಸಿಕೊಂಡು. ಮಹಡಿಯ ಕಿಟಕಿಯಿಂದ ಹಾಡು ತುಣುಕು ತುಣುಕಾಗಿ ಇಳಿದು ಬರುತ್ತಿತ್ತು. ನಡುವೆ ಲಾರಿಯೊಂದು ಹಾರ್ನು ಹೊಡೆದರೆ ಅರ್ಧ ಸಾಲು ಹೋಯಿತು. ತಮ್ಮದೇ ನಡುಮನೆಯಲ್ಲಿ, ಸೋಫಾ ಮೇಲೆ (ಅದರ ಕೆಳಗಲ್ಲ) ಕಾಲು ಚಾಚಿ ಕೇಳಬಹುದಾಗಿದ್ದ ಹಾಡು ಅದು.

ಆರನೆಯ ಶನಿವಾರ ಮಹಾಶಯರಿಗೆ ಏನೋ ಹೊಳೆಯಿತು. ಹೆಂಡತಿ ಬಂದು ಕೂತದ್ದೇ ತಡ, ಕೇಳಿದರು.

"ಆ ಮೂರನೇ ತಂತಿ ರಿಪೇರಿ ಮಾಡಿಸಿದ್ರಾ ಅವರು? ಕಿರಗುಟ್ಟೋದೇ ಇಲ್ಲ."

"ಯಾವ ರಿಪೇರಿ? ಅದು ಯಾವತ್ತೂ ಕಿರಗುಟ್ಟಿಲ್ಲ."

"ನಾನೇ ಒತ್ತಿ ನೋಡಿದೀನಲ್ಲೇ!"

"ಪಟ್ಟಿಯ ಪಕ್ಕದಲ್ಲೇ ಗಟ್ಟಿಯಾಗಿ ಒತ್ತಬೇಕು ಕಣ್ರೀ. ನೀವು ಎಲ್ಲೋ ದೂರದಲ್ಲಿ, ಕರೆಗಂಟೆ ಒತ್ತಿದ ಹಾಗೆ ಒತ್ತಿದ್ರಿ. ಕಿರಗುಟ್ಟದೆ ಇನ್ನೇನು ಮಾಡುತ್ತೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅವತ್ತೇ ಹೇಳಬಾರದಿತ್ತಾ?"

"ಬಾಯಿ ಬಿಡಬೇಡ ಅಂದಿದ್ರಿ."

ಮಹಾಶಯರು ಕಾರು ಶುರು ಮಾಡಲಿಲ್ಲ. ಚೀಲದಿಂದ ತಮ್ಮ ಪ್ರತಿಯನ್ನು ತೆಗೆದು ಸ್ಟಿಯರಿಂಗಿನ ಮೇಲಿಟ್ಟರು. ಏಳನೆಯ ಸಾಲಿನ ಮುಂದೆ, 'ದೋಷಕ್ಕೆ ಕಾರಣ' ಎಂಬಲ್ಲಿ, ಬರೆದರು: 'ತಪಾಸಣೆ ಮಾಡಿದವರ ಬೆರಳು.' ಅದರ ಕೆಳಗೆ ಇಪ್ಪತ್ಮೂರು ವರ್ಷ ತಡವಾದ ಇನ್ನೊಂದು ಸಾಲು ಸೇರಿಸಿದರು: 'ಹಿಂದಿನ ಗಿಟಾರು: ಸಾಮಾನು ತುಂಬಿಸಿದವರ ತಪ್ಪು.'

ಹೆಂಡತಿ ಬಗ್ಗಿ ಓದಿದಳು. ಎರಡು ಸಲ ಓದಿದಳು.

"ಸಹಿ?"

ಹಾಕಿದರು.

"ಸೀಲು?"

ಒತ್ತಿದರು. ಸ್ಟಿಯರಿಂಗಿನ ಮಧ್ಯದಲ್ಲಿ ಒತ್ತಿದ್ದರಿಂದ ಹಾರ್ನು ಹೊಡೆಯಿತು. ಮೇಲಿನ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು.

"ಇದು ಪಾರ್ಟಿ ಪ್ರತಿ," ಎಂದು ಹೆಂಡತಿ ಹಾಳೆಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಮುಂದಿನ ಶನಿವಾರ ನಾಲ್ಕಕ್ಕೆ ಗಾಡಿ ರೆಡಿ ಇರ್ಲಿ. ಸ್ವಲ್ಪ ಮುಂದೆ ನಿಲ್ಸಿ, ಆ ಮರದ ಹತ್ರ. ಅಲ್ಲಿಗೆ ಚೆನ್ನಾಗಿ ಕೇಳಿಸುತ್ತೆ."

ಕಾರು ಹೊರಟಿತು. ಹೆಂಡತಿ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸುತ್ತ ಏನೋ ಗುನುಗತೊಡಗಿದಳು. ಅವಳ ಕಡೆಯ ಬಾಗಿಲಿನಿಂದ ಸಣ್ಣಗೆ ಗಲಗಲ ಎಂಬ ಸದ್ದು ಬರುತ್ತಿತ್ತು. ಒಳಗಿನ ತಿರುಪೊಂದು ಸಡಿಲವಾಗಿದೆ, ಮಹಾಶಯರಿಗೆ ತಕ್ಷಣ ಗೊತ್ತಾಯಿತು. ಯಾವ ತಿರುಪೆಂಬುದೂ ಗೊತ್ತಾಯಿತು. ನಾಲಿಗೆಯ ತುದಿಯವರೆಗೂ ಬಂತು.

ಮನೆ ಮುಟ್ಟುವವರೆಗೂ ಅವರು ಬಾಯಿ ಬಿಡಲಿಲ್ಲ.