ಇಂಜಿನಿಯರ್ ನೋಡಲು ಬಂದ ಚರಂಡಿ

ನಾಲ್ಕು ಜನ ಬೀದಿಯ ಹಿತಕ್ಕೆಂದು ಸಭೆ ಕೂತರೆ ಇಂಥದ್ದು ನಡೆಯದೆ ಇರುವುದಿಲ್ಲ. ಒಂಟಿಕೊಪ್ಪಲಿನ ನಮ್ಮ ವಾರ್ಡ್ ಸಮಿತಿಗೆ ನಾನು ಕಾರ್ಯದರ್ಶಿ. ಆ ಕಾಲಕ್ಕೇ ಬಿ.ಎ. ಮಾಡಿದವಳು. ಮೊಮ್ಮಕ್ಕಳ ಲಸಿಕೆಯಿಂದ ಹಿಡಿದು, ಸಭೆಯಲ್ಲಿ ಯಾರು ಯಾವಾಗ ಎದ್ದು ಹೋದರು ಎಂಬುದರವರೆಗೆ ಎಲ್ಲವನ್ನೂ ಬರೆದಿಡುತ್ತೇನೆ. ಕೆಳಗಿನದೆಲ್ಲ ನಡಾವಳಿ ಪುಸ್ತಕದಲ್ಲಿದೆ.

ವಿಷಯ ಒಂದೇ. ಬೀದಿಯ ತುದಿಯಲ್ಲಿ ಒಬ್ಬಾಕೆ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಮಳೆ ಬಂದರೆ ಹೂಳು ತುಂಬಿದ ಕಿರಿದಾದ ಚರಂಡಿ ಉಕ್ಕಿ ಅಂಗಡಿಗೆ ನುಗ್ಗುತ್ತದೆ. ಗಿರಾಕಿಗಳ ಬಟ್ಟೆಯೆಲ್ಲ ಕೊಳಚೆ. ಇನ್ನೊಂದು ಮಳೆಗಾಲ ಹೀಗೇ ಆದರೆ ಅಂಗಡಿ ಮುಚ್ಚಬೇಕು. ದೊಡ್ಡ ಚರಂಡಿ ಬೇಕಿತ್ತು.

೧. ವಿರೋಧಿ

ಠರಾವಿಗೆ ಏಳು ಜನ ಹಾಜರಿರಬೇಕು. ಬಂದವರು ಆರು. ಏಳನೆಯವರಾದ ನಿವೃತ್ತ ಮ್ಯಾನೇಜರಿಗೆ ಫೋನ್ ಮಾಡಿದೆ.

"ಧೂಳಾಗತ್ತೆ ಕಣ್ರೀ. ನನ್ನ ವಿರೋಧ ಇದೆ, ಬರಲ್ಲ."

"ವಿರೋಧಿಸೋಕಾದ್ರೂ ಬನ್ನಿ ಸಾರ್."

ಬಂದರು. ಅರ್ಧ ಗಂಟೆ ವಿರೋಧಿಸಿದರು. ಪರ ಆರು, ವಿರೋಧ ಒಂದು ಮತದಿಂದ ಠರಾವು ಪಾಸಾಯಿತು.

"ನಾನು ಬರದೇ ಇದ್ದಿದ್ರೆ?" ಎಂದರು.

"ಸಭೆನೇ ನಡೀತಿರಲಿಲ್ಲ ಸಾರ್. ಎಲ್ಲಾ ನಿಮ್ಮಿಂದಲೇ ಆಗಿದ್ದು."

೨. ನಕ್ಷೆ

ಮುಂದಿನ ಸಭೆಯಲ್ಲಿ ಚರಂಡಿಯ ನಕ್ಷೆ ಬರೆಯಲು ಕೂತೆವು. ಎಲ್ಲರಿಗೂ ಚರಂಡಿ ಬೇಕು, ತಮ್ಮ ಗೇಟಿನ ಮುಂದೆ ಅಗೆಯುವುದು ಬೇಡ. ಒಬ್ಬರ ಸಂಪಿಗೆ ಮರ, ಇನ್ನೊಬ್ಬರ ಕಾರು, ಮತ್ತೊಬ್ಬರ ವಾಸ್ತು. ಅಳಿಸಿ ಅಳಿಸಿ ಕೊನೆಗೆ ಅಂಗಡಿಯ ಮುಂದೆ ಒಂದು ಚೌಕ ಮಾತ್ರ ಉಳಿಯಿತು.

ಅಂಗಡಿಯಾಕೆ ಬಗ್ಗಿ ನೋಡಿದರು. "ಇದು ಚರಂಡಿ ಅಲ್ಲ ಕಣಮ್ಮ, ಈಜುಕೊಳ."

ನಾಚಿಕೊಂಡು ಎಲ್ಲರೂ ಮೊದಲಿನ ಗೆರೆಗೇ ಸಹಿ ಹಾಕಿದರು.

೩. ತನಿಖೆ

ಇಂಜಿನಿಯರ್ ಕಣ್ಣಾರೆ ನೋಡಿ ಬರೆದರೆ ಕೆಲಸ ಮಂಜೂರು. ನಾಳೆ ಬರುತ್ತಾರೆಂದು ತಿಳಿಯಿತು.

"ಸಾಹೇಬರು ಬರೋ ಹೊತ್ತಿಗೆ ಬೀದಿ ಹೀಗಿದ್ದರೆ ನಮ್ಮ ಮರ್ಯಾದೆ ಏನಾಗಬೇಕು?" ಇದನ್ನು ಮೊದಲು ಅಂದವಳು ನಾನೇ, ಅದನ್ನೂ ಬರೆದಿದ್ದೇನೆ. ಬೀದಿಗೆ ಬೀದಿಯೇ ನಿಂತು ಚರಂಡಿಯ ಹೂಳೆತ್ತಿಸಿ, ತೊಳೆಸಿ, ಬ್ಲೀಚಿಂಗ್ ಪುಡಿ ಹಾಕಿಸಿದೆವು. ಅಂಚಿಗೆ ರಂಗೋಲಿಯೂ ಬಿತ್ತು.

ಇಂಜಿನಿಯರ್ ಬಂದರು. ಬಿಸಿಲು ಚುರುಗುಟ್ಟುತ್ತಿತ್ತು. ಚರಂಡಿಯನ್ನು ಉದ್ದಕ್ಕೂ ನೋಡಿ, ಫೋಟೋ ತೆಗೆದುಕೊಂಡು, "ಇದಕ್ಕೇನಮ್ಮ ಕಮ್ಮಿ? ಬೇರೆ ವಾರ್ಡಿನವರಿಗೆ ತೋರಿಸ್ತೀನಿ" ಎಂದು "ಕಾಮಗಾರಿ ಅಗತ್ಯವಿಲ್ಲ" ಅಂತ ಬರೆದು ಹೋದರು.

ಅಂಗಡಿಯಾಕೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದರು.

"ಹೋಗ್ಲಿ ಬುಡಿ ಅಮ್ಮ. ಮಳೆಗಾಲ ಮುಗಿಯೋಗಂಟ ಸಾಹೇಬ್ರು ವಾರಕ್ಕೊಂದ್ಸಲ ಬರ್ಬೇಕು ಅಂತ ಒಂದು ಠರಾವು ಮಾಡ್ಬುಡಿ. ಹೊಸ ಚರಂಡಿ ಯಾರಿಗೆ ಬೇಕು!"