ಮೂರು ದಿನದ ನೆಂಟಸ್ತಿಕೆ

ಕಟಕಟ, ಕಟಕಟ, ಕಟ್! ಶಿರಸಿಯ ನಮ್ಮ ಬೀದಿಯಲ್ಲಿ ಮಾವ್ಶಿಯ ಹೊಲಿಗೆ ಮಶೀನು ಹಾಡುಹಗಲೇ ಹೀಗೆ ನಿಂತಿತೆಂದರೆ, ನೆರೆಯ ಯಾವಳೋ ಹೆಂಗಸು ‘ಹೊರಗಾಗಿದ್ದಾಳೆ’ ಎಂದೇ ಅರ್ಥ! ಮುಟ್ಟಾಗಿ ಮೂರು ದಿನ ಹೊರಜಗಲಿಯಲ್ಲಿ ಕೂತವಳನ್ನು ಆಗ ಮನೆಯವರೂ ಮುಟ್ಟುತ್ತಿರಲಿಲ್ಲ. ನನ್ನ ಮಾವ್ಶಿ, ಎಂದರೆ ಅಮ್ಮನ ತಂಗಿ, ಸರಿಯಾಗಿ ಆ ಮೂರು ದಿನ ನೋಡಿಕೊಂಡೇ ಜನರ ಮನೆಗೆ ವಿಸಿಟ್ ಕೊಡುತ್ತಿದ್ದಳು. ಇಂಥ ಶೋಕಿ ಜಗತ್ತಿನಲ್ಲಿ ಬೇರೆ ಯಾರಿಗಾದರೂ ಇದ್ದೀತೇ?

ಬೀದಿಗೆಲ್ಲ ನಮ್ಮದೊಂದೇ ಕ್ರಿಶ್ಚಿಯನ್ ಮನೆ. ಆಗಷ್ಟೇ ರಾಜ್ಯ ಒಂದಾಗಿತ್ತು. ನನ್ನ ಅಮ್ಮ ತೀರಿಕೊಂಡಿದ್ದಳು. ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದ ಅಪ್ಪ ನನ್ನನ್ನು ಮಾವ್ಶಿಯ ಬಳಿ ಬಿಟ್ಟು ಕಾನ್ವೆಂಟಿಗೆ ಸೇರಿಸಿದ್ದ. ಇಂಗ್ಲಿಷ್ ಬಂತು, ಮ್ಯಾನರ್ಸ್ ಬಂತು. ಎದುರಿನ ಹೆಗಡೇರ ಮನೆಯ ಹೊಸ್ತಿಲು ದಾಟುವ ಭಾಗ್ಯ ಮಾತ್ರ ಬರಲಿಲ್ಲ. ಅಲ್ಲಿಯ ಸಾವಿತ್ರಿ ನನ್ನ ಒಬ್ಬಳೇ ಗೆಳತಿ. ಅವಳ ಪಕ್ಕದಲ್ಲಿ, ಮೈಗೆ ಮೈ ತಾಗಿಸಿ ಕೂರಬೇಕು! ನನಗಿದ್ದದ್ದು ಅದೊಂದೇ ಆಸೆ. ಅವಳ ಅಜ್ಜಿ ಬಿಡಬೇಕಲ್ಲ!

“ಅಲ್ಲೇ ಇರೇ ಕೂಸೇ, ಒಳಗೆ ಮಡಿ ಇದ್ದು.”

ಮಾವ್ಶಿಯ ಗೋಡೆಯ ಮೇಲೆ ಇಗರ್ಜಿಯ ಕ್ಯಾಲೆಂಡರ್ ಇತ್ತು. ಅದರಲ್ಲಿ ಸಂತರ ಹಬ್ಬಗಳ ಮೇಲೆ ಬೀದಿಯ ಹೆಂಗಸರ ದಿನಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಒಮ್ಮೆ ಮನೆಗೆ ಬಂದ ಪಾದ್ರಿಗಳು ಅದನ್ನು ನೋಡಿ ಬೆರಗಾದರು.

“ಎಷ್ಟೊಂದು ಫೀಸ್ಟ್ ಆಚರಿಸ್ತೀಯಮ್ಮ! ಇದರಲ್ಲಿ ಅರ್ಧ ಸಂತರನ್ನು ನಾನೇ ಮರೆತಿದ್ದೆ.”

“ಮರೆಯೋಕೆ ಬಿಡೋದಿಲ್ಲ ಫಾದರ್,” ಎಂದಳು ಮಾವ್ಶಿ, ಮುಖ ಒಂದಿಷ್ಟೂ ಅಲ್ಲಾಡಿಸದೆ. “ತಿಂಗಳಿಗೊಮ್ಮೆ ಬಂದೇ ಬರ್ತಾರೆ.”

ನಾನು ಹಿತ್ತಲಿಗೆ ಓಡಿಹೋಗಿ ನಕ್ಕೆ.

ಮತ್ತೊಮ್ಮೆ ಮಾವ್ಶಿ, ಸಿದ್ದಾಪುರಕ್ಕೆ ಮದುವೆಯಾಗಿ ಹೋದ ತನ್ನ ಗೆಳತಿಯೊಬ್ಬಳನ್ನು ದಿನದ ಲೆಕ್ಕ ಹಾಕಿ ನೋಡಲು ಹೋದಳು. ಗೆಳತಿ ಒಳಗೆ ದೋಸೆ ಎರೆಯುತ್ತಿದ್ದಳು! “ಛೆ, ಡೇಟ್ ತಪ್ಪಿತು,” ಎಂದು ಮಾವ್ಶಿ ಅದೇ ಬಸ್ಸಿನಲ್ಲಿ ವಾಪಸ್.

ಆ ವರ್ಷ ಸಾವಿತ್ರಿಯ ಮನೆಯಲ್ಲಿ ಗೌರಿಹಬ್ಬಕ್ಕೆ ಕ್ಲಾಸಿನ ಹುಡುಗಿಯರೆಲ್ಲ ಒಳಗೆ ಹೋದರು. ನನ್ನ ಪಾಯಸ ಮಾತ್ರ ಜಗಲಿಗೆ ಬಂತು. ಉಂಡೆದ್ದು ನನ್ನ ಎಲೆಯನ್ನು ನಾನೇ ಎಸೆದು, ಮನೆಗೆ ಬಂದು ಬಿಕ್ಕಿದೆ.

“ಅಳಬೇಡ ಮಾರಾಯ್ತಿ. ಇಲ್ಲಿ ಎಲ್ಲರಿಗೂ ಒಂದೊಂದು ಗೆರೆ ಎಳೆದಿಟ್ಟಿದ್ದಾರೆ. ನಾವು ಎಲ್ಲಾ ಗೆರೆಯಿಂದ ಆಚೆ. ಯಾರನ್ನು ಮುಟ್ಟಿದರೂ ನಮಗೆ ಮೈಲಿಗೆ ಇಲ್ಲ, ಸ್ನಾನ ಇಲ್ಲ. ಇಷ್ಟು ಫ್ರೀ ಯಾರಿದ್ದಾರೆ ಹೇಳು?”

“ಬೆಳಗಿನ ಸ್ನಾನವೂ ಬೇಡವಾ?”

“ಅದು ಬೇಕು. ನಾರ್ತೀಯ.”

ಮರುವಾರ ಮಶೀನು ಕಟ್ ಎಂದು ನಿಂತಿತು. ಮಾವ್ಶಿ ನನ್ನ ಕೈ ಹಿಡಿದು ಎದುರು ಮನೆಗೆ ಕರೆದೊಯ್ದಳು. ಜಗಲಿಯ ಮೂಲೆಯಲ್ಲಿ ಸಾವಿತ್ರಿ ಮೊಣಕಾಲಿಗೆ ಗಲ್ಲ ಊರಿ ಒಬ್ಬಳೇ ಕೂತಿದ್ದಳು. ಹೋಗಿ ಅವಳಿಗೆ ಅಂಟಿಕೊಂಡು ಕೂತೆ. ಒಳಗಿದ್ದ ಅಜ್ಜಿ ಒಮ್ಮೆ ನೋಡಿ ತಮ್ಮ ಕೆಲಸಕ್ಕೆ ತಿರುಗಿದರು. ಮೈಲಿಗೆಯವಳಿಗೆ ಮೈಲಿಗೆಯವಳು ತಾಗಿದರೆ ಹೊಸತಾಗಿ ಕೆಡುವುದೇನಿದೆ? ಮೂರು ದಿನ ಚೌಕಾಬಾರ ಆಡಿದೆವು, ಒಂದೇ ಚಾಪೆಯ ಮೇಲೆ ಬಿದ್ದುಕೊಂಡು ನಕ್ಕೆವು. ಇಡೀ ಊರಿನಲ್ಲಿ ಅವಳನ್ನು ಮುಟ್ಟಬಲ್ಲವರು ನಾನು, ಮಾವ್ಶಿ ಇಬ್ಬರೇ! ನಾಲ್ಕನೆಯ ದಿನ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಹೋದಳು. ಹೊಸ್ತಿಲಾಚೆ ನಿಂತು ನಕ್ಕಳು. ಜಗಲಿಯಲ್ಲಿ ನಾನೊಬ್ಬಳೇ ಉಳಿದೆ. ಮಾವ್ಶಿ ಎಷ್ಟು ವರ್ಷಗಳಿಂದ ಹೀಗೆ ನಾಲ್ಕನೆಯ ದಿನಗಳನ್ನು ಕಳೆದಿದ್ದಳೋ! ಅದನ್ನು ಕೇಳಬೇಕೆಂದು ಆಗ ನನಗೆ ಹೊಳೆಯಲೇ ಇಲ್ಲ.

ಸಾವಿತ್ರಿ ಮದುವೆಯಾಗಿ ಹೋದಳು. ನಾನು ನರ್ಸಿಂಗ್ ಕಲಿಯಲು ಹುಬ್ಬಳ್ಳಿಗೆ ಹೋದೆ. ಮಾವ್ಶಿ ಹಾಸಿಗೆ ಹಿಡಿದಿದ್ದಾಳೆಂದು ಕಾಗದ ಬಂದಾಗ ಒಂದೇ ದಿನದ ರಜೆ ಸಿಕ್ಕಿತು. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಮಾವ್ಶಿಯ ಮಂಚದ ಮೇಲೆ ಹೆಗಡೇರ ಮನೆಯ ಅಜ್ಜಿ! ಮಾವ್ಶಿಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಒಡಕಿಗೆ ಹಚ್ಚುವ ಮುರುಗಲ ತುಪ್ಪ ತಿಕ್ಕುತ್ತಿದ್ದರು. ನನ್ನನ್ನು ಕಂಡರೂ ಕೈ ತೆಗೆಯಲಿಲ್ಲ.

“ಆನು ಇವತ್ತು ಹೊರಗೆ, ಕೂಸೇ. ಮುಟ್ಟಲಡ್ಡಿಲ್ಲೆ.”

ಅಜ್ಜಿಗೆ ಆಗ ಎಪ್ಪತ್ತು ದಾಟಿತ್ತು.

ಮಾವ್ಶಿ ಕಣ್ಣು ಮುಚ್ಚಿಕೊಂಡೇ ನಕ್ಕಳು. “ಎಷ್ಟನೇ ದಿನ ಅಜ್ಜಿ?”

“ಮೊದಲ್ನೇದು. ಇನ್ನೂ ಎರಡು ದಿನ ಇದ್ದು. ಸುಮ್ನೆ ಮಲಗು.”

ಸಂಜೆ ಬಸ್ಸಿಗೆ ಹೊರಟಾಗಲೂ ಆ ಪಾದಗಳು ಅಜ್ಜಿಯ ಮಡಿಲಲ್ಲೇ ಇದ್ದವು. ಮಾವ್ಶಿಯನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ.