ಕಾರು ತಣ್ಣಗಾದ ಭಾನುವಾರ

ಸಾರಥಿಯ ಕಾರಿನ ಎಸಿಯಿಂದ ಬರುತ್ತಿದ್ದ ಗಾಳಿ, ಬಿಸಿ ಹಾಲು ಆರಿಸಲು ಬಾಯಿಂದ ಊದಿದಷ್ಟೇ ಇತ್ತು. "ಇದರಲ್ಲಿ ಕೂತರೆ ಬೆಂದೇ ಹೋಗ್ತೀನಿ. ಮಾರಿಬಿಡಿ ಅತ್ಲಾಗೆ" ಎಂದು ಹೆಂಡತಿ ಬೆಳಗ್ಗೆಯೇ ಅಪ್ಪಣೆ ಕೊಟ್ಟಳು. ಸಾರಥಿಗೆ ಸ್ವರ್ಗ ಮೂರೇ ಗೇಣು.

ಅವನ ನಿಜವಾದ ಕೆಲಸ ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಸಾರಥಿ ಎಂಬುದು ಕಾರು ಕೊಂಡ ಮೇಲೆ ಬೀದಿಯವರು ಇಟ್ಟ ಹೆಸರು. ಎದುರುಮನೆಯ ಮೇಷ್ಟ್ರು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಮಹಡಿಯ ನರ್ಸಮ್ಮ ತಂಗಿಯ ಮನೆಗೆ, ಪಕ್ಕದ ದರ್ಜಿ ಬಟ್ಟೆ ತರಲು. ಎಲ್ಲರಿಗೂ ಭಾನುವಾರವೇ ಆಗಬೇಕು, ಸಾರಥಿಯೇ ಆಗಬೇಕು. ಆಗುವುದಿಲ್ಲ ಎನ್ನಲು ಆ ಪುಣ್ಯಾತ್ಮನಿಗೆ ನಾಲಿಗೆಯೇ ಏಳದು. ಕಾರೇ ಇಲ್ಲದಿದ್ದರೆ ಆ ಕಷ್ಟವೂ ಇಲ್ಲವಲ್ಲ! ಒಂದೇ ಒಂದು ಭಾನುವಾರ ಮಧ್ಯಾಹ್ನ ಕಾಲು ಚಾಚಿ ಮಲಗಬೇಕು, ಅಷ್ಟೇ ಅವನ ಆಸೆ.

ಗಿರಾಕಿಯೊಬ್ಬ ಫೋನಿನಲ್ಲಿ ಸಿಕ್ಕೂಬಿಟ್ಟ. "ನಾಲ್ಕು ಗಂಟೆಗೆ ಬರ್ತೀನಿ. ಎಸಿ ಮಾತ್ರ ಚೆನ್ನಾಗಿರ್ಬೇಕು, ಇಲ್ಲದಿದ್ರೆ ನನಗೆ ಬೇಡ."

ಗ್ಯಾರೇಜಿಗೆ ರಜೆ. ಸಾರಥಿ ತಾನೇ ಬಾನೆಟ್ ಎತ್ತಿದ. ಎತ್ತಿದ ಬಾನೆಟ್ಟಿನ ಸುತ್ತ ಜನ ಸೇರಲು ಡಂಗುರ ಹೊಡೆಸಬೇಕೆ? ಮೊದಲು ಮೇಷ್ಟ್ರು ಬಂದರು.

"ಏನಯ್ಯಾ ತೊಂದರೆ?"

"ಎಸಿ ಸ್ವಲ್ಪ ಮಂದ, ಸಾರ್" ಎಂದ. ಮಾರುವ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

"ಮುಂದಿನ ಜಾಲರೀಲಿ ಧೂಳು ತುಂಬಿರುತ್ತೆ. ತೊಳೀಬೇಕು" ಎಂದು ಮೇಷ್ಟ್ರು ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದರು. ಅವರ ಕಣ್ಣಿನ ತೊಂದರೆ ಎಂಥದ್ದೆಂದು ಸಾರಥಿಗೆ ಆಗ ಗೊತ್ತಾಯಿತು. ಜಾಲರಿಗೆ ಅರ್ಧ ನೀರು ಬಿತ್ತು, ಉಳಿದರ್ಧ ಅವನ ಮುಖಕ್ಕೆ.

ಅಷ್ಟರಲ್ಲಿ ನರ್ಸಮ್ಮ ಮಹಡಿಯಿಂದ ಇಳಿದು ಬಂದು, ಗಾಳಿ ಬರುವ ಕಿಂಡಿಗೆ ಜ್ವರ ನೋಡುವ ಥರ್ಮಾಮೀಟರ್ ಸಿಕ್ಕಿಸಿದರು. ಎರಡು ನಿಮಿಷ ಯಾರನ್ನೂ ಮಾತಾಡಗೊಡಲಿಲ್ಲ.

"ಜ್ವರ ಇಲ್ಲ. ಆದ್ರೆ ಉಸಿರಾಟ ಸರಿಯಾಗಿಲ್ಲ. ಎಲ್ಲೋ ಕಟ್ಟಿಕೊಂಡಿದೆ."

ನಗಬೇಕೆಂದಿದ್ದ ಸಾರಥಿಗೆ ನಗಲು ಪುರುಸೊತ್ತಾಗಲಿಲ್ಲ. ದರ್ಜಿ ಆಗಲೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಅದರ ಖಾನೆಯನ್ನು ಕಳಚಿ ಕೈಗೆ ತೆಗೆದುಕೊಂಡಿದ್ದ.

"ಅಯ್ಯೋ, ಅದನ್ಯಾಕೆ ಕಿತ್ರಿ?"

"ಸುಮ್ನಿರಣ್ಣ, ಹೊಲಿಗೆ ಬಿಚ್ಚದೆ ರಿಪೇರಿ ಆಗುತ್ತಾ?" ಎಂದು ದರ್ಜಿ ಒಳಗಿನಿಂದ ಗಾಳಿ ಸೋಸುವ ಫಿಲ್ಟರನ್ನು ಎಳೆದ. ಅದು ಧೂಳು ಮೆತ್ತಿ ಹಳೇ ಕಂಬಳಿಯ ತುಂಡಿನಂತಾಗಿತ್ತು. "ಇದು ನನ್ನ ಇಲಾಖೆ!" ಎಂದು ಕುಣಿದಾಡಿ, ಅಳತೆ ತೆಗೆದು, ತೆಳುವಾದ ಬಲೆಬಟ್ಟೆ ಕತ್ತರಿಸಿ, ಅಂಚು ಹೊಲಿದು ಹೊಸದನ್ನು ಕೂರಿಸಿದ. ಖಾನೆಯನ್ನು ವಾಪಸ್ಸು ಹಾಕುವಾಗ ಎರಡು ಸ್ಕ್ರೂ ಹೆಚ್ಚಾಗಿ ಉಳಿದವು. ಅವನ್ನು ಅವನು ಗಂಭೀರವಾಗಿ ಸಾರಥಿಯ ಜೇಬಿಗೇ ಹಾಕಿದ.

ಸಾರಥಿ ದೇವರ ಮೇಲೆ ಭಾರ ಹಾಕಿ ಎಸಿ ಹಚ್ಚಿದ. ತಣ್ಣನೆಯ ಗಾಳಿ ರೊಯ್ಯನೆ ನುಗ್ಗಿತು. ಮೂವರೂ ಚಪ್ಪಾಳೆ ತಟ್ಟಿದರು. ತಾವು ಮಾಡಿದ ಕೆಲಸ ನೋಡಬೇಡವೇ? ಹಿಂದಿನ ಸೀಟಿನಲ್ಲಿ ಒತ್ತಾಗಿ ಕುಳಿತೇಬಿಟ್ಟರು. ಗದ್ದಲ ಕೇಳಿ ಹೊರಬಂದ ಹೆಂಡತಿ ಮುಂದೆ ಕುಳಿತು, ಸೆರಗಿನಿಂದ ಕತ್ತು ಒರೆಸಿಕೊಂಡು ಕಣ್ಣು ಮುಚ್ಚಿದಳು. ಇಷ್ಟು ಒಳ್ಳೆಯವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಸಾರಥಿಗೆ ಒಂದು ಗಳಿಗೆ ಅನ್ನಿಸಿತು.

ನಾಲ್ಕಕ್ಕೆ ಸರಿಯಾಗಿ ಗಿರಾಕಿ ಬಂದ. ಸಾರಥಿ ಇಳಿದು ಎದುರು ಹೋಗುವಷ್ಟರಲ್ಲಿ, ಸಾರಥಿಯ ಹೆಂಡತಿ ಕುಳಿತ ಕಡೆಯ ಬಾಗಿಲು ತೆಗೆದು ಒಳಗೆ ಕೈಯೊಡ್ಡಿದ.

"ಭೇಷ್! ಈ ಕಾರು ನನಗೆ ಒಪ್ಪಿಗೆ."

"ಒಪ್ಪಿಗೆ ಅಂದ್ರೆ? ಏನಯ್ಯಾ ಇದು?" ಎಂದು ಹಿಂದಿನಿಂದ ಮೇಷ್ಟ್ರು ಕೇಳಿದರು.

ಸಾರಥಿ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದ. "ಕಾರು ಮಾರ್ತಿದ್ದೀನಿ, ಸಾರ್. ಇವಳೇ ಹೇಳಿದ್ದು."

ಹೆಂಡತಿ ಕಣ್ಣನ್ನೂ ತೆರೆಯಲಿಲ್ಲ. "ಬೆಳಗ್ಗೆ ಹೇಳಿದ್ದೆ. ಈಗ ಯಾರು ಹೇಳಿದ್ರು? ಅವರನ್ನ ಕಳಿಸಿ, ಬೇಗ ಬಾಗಿಲು ಹಾಕಿ. ತಂಪೆಲ್ಲ ಆಚೆ ಹೋಗ್ತಿದೆ."

ಗಿರಾಕಿ ಗೊಣಗುತ್ತಾ ಹೊರಟುಹೋದ. ಸಾರಥಿ ಬಾಗಿಲು ಹಾಕಿದ.

"ಹಾಗಾದ್ರೆ ಮೊದಲು ನನ್ನ ತಂಗಿ ಮನೆಗೇ ಹೋಗೋಣ್ವಾ?" ಎಂದರು ನರ್ಸಮ್ಮ.

ಕಾರಿನಲ್ಲಿ ಖಾಲಿಯಿದ್ದದ್ದು ಡ್ರೈವರ್ ಸೀಟೊಂದೇ. ಸಾರಥಿ ಸುತ್ತಿ ಬಂದು ಅದರಲ್ಲಿ ಕುಳಿತ.